ವಿದ್ಯಾರ್ಥಿಗಳಿಗೆ ವೆಬ್ ಡಿಸೈನ್ ಸ್ಪರ್ಧೆ ನಡೆಸೋದು ಹೇಗೆ: ಕಲಬುರಗಿ ಕಾಲೇಜುಗಳಿಗೊಂದು ಸಮಗ್ರ ಮಾರ್ಗದರ್ಶಿ

ಕಾಲೇಜಿನ ಟೆಕ್ ಫೆಸ್ಟ್ ಅಂದಮೇಲೆ ಕ್ವಿಜ್, ಕೋಡಿಂಗ್, ವೆಬ್ ಡಿಸೈನ್ ಇದ್ದೇ ಇರುತ್ತವೆ. ಮೂರರಲ್ಲಿ ತಕರಾರು ಜಾಸ್ತಿ ಬರುವುದು ವೆಬ್ ಡಿಸೈನ್‌ನಲ್ಲೇ. ಕ್ವಿಜ್‌ಗೆ ಸರಿಯುತ್ತರ ಇರುತ್ತದೆ. ಕೋಡಿಂಗ್‌ಗೆ ಟೆಸ್ಟ್ ಕೇಸ್ ಇರುತ್ತದೆ. ವೆಬ್ ಡಿಸೈನ್‌ನಲ್ಲಿ ತೀರ್ಪುಗಾರರು ಎರಡು ನಿಮಿಷ ಪರದೆ ನೋಡಿ "ಛಂದ ಅದ" ಅಂತಾರೆ, ಬಹುಮಾನ ಪಕ್ಕದ ತಂಡಕ್ಕೆ ಹೋಗುತ್ತದೆ. ಯಾಕೆ ಅಂತ ಯಾರಿಗೂ ಗೊತ್ತಾಗಲ್ಲ.

ಇದರಲ್ಲಿ ತೀರ್ಪುಗಾರರ ತಪ್ಪು ಕಡಿಮೆ. ಪ್ರಶ್ನೆಯೇ ಸರಿ ಇರುವುದಿಲ್ಲ. "ಪ್ರವಾಸೋದ್ಯಮದ ಬಗ್ಗೆ ಒಂದು ವೆಬ್‌ಸೈಟ್ ಮಾಡಿ" ಅಂತ ಒಂದೇ ಸಾಲು ಕೊಟ್ಟರೆ ಪ್ರತಿ ತಂಡವೂ ಬಹಮನಿ ಕೋಟೆಯ ಫೋಟೊ ಹಾಕಿ, ಅದರ ಮೇಲೆ ದೊಡ್ಡದಾಗಿ "ವೆಲ್‌ಕಮ್" ಅಂತ ಬರೆದು ಕೂರುತ್ತದೆ. ಈ ಪುಟ ಯಾರಿಗೆ, ಅವರು ಇದರಲ್ಲಿ ಏನು ಹುಡುಕುತ್ತಾರೆ ಅನ್ನೋದು ಗೊತ್ತಿಲ್ಲದಿದ್ದರೆ ಒಳ್ಳೆಯದು ಯಾವುದು ಅಂತ ಅಳೆಯಲಿಕ್ಕೆ ದಾರಿಯೇ ಇಲ್ಲ. ಹಾಗಾಗಿ ಇಲ್ಲಿ ಪ್ರಶ್ನೆ ಮತ್ತು ಅಂಕಪಟ್ಟಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಬ್ಯಾನರ್, ಹೂಗುಚ್ಛ, ಸ್ವಾಗತ ಭಾಷಣ ನಿಮಗೆ ಗೊತ್ತಿರುವುದೇ.

ಹಂತ 1: ಯಾರಿಗೆ, ಎಷ್ಟು ಹೊತ್ತು

ಡಿಪ್ಲೊಮಾ, ಬಿಸಿಎ, ಎಂಜಿನಿಯರಿಂಗ್ ಮಕ್ಕಳನ್ನು ಒಟ್ಟಿಗೆ ಕೂರಿಸಬಹುದು. ವೆಬ್ ಪುಟ ಕಟ್ಟುವುದರಲ್ಲಿ ಡಿಪ್ಲೊಮಾ ಹುಡುಗರು ಎಷ್ಟೋ ಸಲ ಮುಂದಿರುತ್ತಾರೆ. ಪಿಯುಸಿ ಮಕ್ಕಳಿಗೆ ಮಾತ್ರ ಬೇರೆ ವಿಭಾಗ ಇರಲಿ.

ತಂಡಕ್ಕೆ ಇಬ್ಬರು ಸಾಕು. ಮೂವರಾದರೆ ಒಬ್ಬ ಸುಮ್ನೆ ಮೊಬೈಲ್ ನೋಡುತ್ತಾ ಕೂತಿರುತ್ತಾನೆ. ಮೊದಲ ಸಲ ನಡೆಸುವವರು ಇಪ್ಪತ್ತು ತಂಡ ದಾಟಬೇಡಿ. ಯಾಕೆ ಅಂದರೆ ಪ್ರತಿ ಪುಟವನ್ನೂ ಫೋನಿನಲ್ಲಿ ತೆರೆದು, ಒತ್ತಿ, ಓದಿ ನೋಡಬೇಕು. ತಂಡಕ್ಕೆ ಹತ್ತು ನಿಮಿಷ ಹಿಡಿದರೂ ಇಪ್ಪತ್ತು ತಂಡಕ್ಕೆ ಮೂರು ಗಂಟೆ ಇಪ್ಪತ್ತು ನಿಮಿಷ ಆಯಿತು. ಎರಡು ಕಡೆ ಒಟ್ಟಿಗೆ ತಪಾಸಣೆ ನಡೆಸಿದರೆ ಅದು ಅರ್ಧಕ್ಕೆ ಇಳಿಯುತ್ತದೆ.

ಒಂದು ವಾರ ಮನೆಯಲ್ಲಿ ಮಾಡಿಕೊಂಡು ಬನ್ನಿ ಅನ್ನುವ ಪದ್ಧತಿ ನನಗೆ ಒಪ್ಪಿಗೆ ಇಲ್ಲ. ಅಲ್ಲಿ ಗೆಲ್ಲುವುದು ರೆಡಿಮೇಡ್ ಟೆಂಪ್ಲೇಟ್ ಅಥವಾ ಬೆಂಗಳೂರಿನಲ್ಲಿ ಕೆಲಸ ಮಾಡುವ ಅಣ್ಣ. ಒಂದೇ ದಿನ, ಒಂದೇ ಲ್ಯಾಬ್, ನಾಲ್ಕು ಗಂಟೆ ಸಾಕು.

ಹಂತ 2: ದಿನ ಗೊತ್ತು ಮಾಡೋದು

ಏಪ್ರಿಲ್, ಮೇ ಬೇಡವೇ ಬೇಡ. ನಲವತ್ತು ಡಿಗ್ರಿ ದಾಟಿದ ಬಿಸಿಲಲ್ಲಿ, ಫ್ಯಾನ್ ಮಾತ್ರ ಇರುವ ಲ್ಯಾಬಿನಲ್ಲಿ ನಲವತ್ತು ಕಂಪ್ಯೂಟರ್ ಹಚ್ಚಿದರೆ ಮೊದಲು ಸುಸ್ತಾಗುವುದು ಮಕ್ಕಳೋ ಯಂತ್ರಗಳೋ ಹೇಳಲಿಕ್ಕಾಗಲ್ಲ. ಹೋಳಿ ಮುಗಿದ ವಾರದಲ್ಲಿ ಶರಣಬಸವೇಶ್ವರ ಜಾತ್ರೆ ಇರುತ್ತದೆ. ಆಗ ಊರಿನ ರಸ್ತೆಗಳು ತುಂಬಿರುತ್ತವೆ, ಮಕ್ಕಳ ಮನಸ್ಸೂ ಅಲ್ಲೇ ಇರುತ್ತದೆ.

ಸೆಪ್ಟೆಂಬರ್ ಒಳ್ಳೆಯದು. 15ಕ್ಕೆ ಎಂಜಿನಿಯರುಗಳ ದಿನ, 17ಕ್ಕೆ ಕಲ್ಯಾಣ ಕರ್ನಾಟಕ ಉತ್ಸವ. ಆ ವಾರ ಕಾಲೇಜುಗಳಲ್ಲಿ ಹೇಗೂ ಕಾರ್ಯಕ್ರಮದ ವಾತಾವರಣ ಇರುತ್ತದೆ. 17ನೇ ತಾರೀಖನ್ನೇ ಇಡಬೇಡಿ, ಧ್ವಜಾರೋಹಣ ಇರುತ್ತದೆ. ವಿಶ್ವವಿದ್ಯಾಲಯದ ಪರೀಕ್ಷಾ ವೇಳಾಪಟ್ಟಿಯನ್ನೂ ಒಮ್ಮೆ ನೋಡಿಕೊಳ್ಳಿ.

ಹೊರಗಿನಿಂದ ಬರುವವರ ಲೆಕ್ಕ ಹಾಕಿ ಸಮಯ ಇಡಿ. ಬೀದರ್–ಕಲಬುರಗಿ ರೈಲು ಮಾರ್ಗ 2017ರಲ್ಲಿ ಶುರುವಾದ ಮೇಲೆ ಬೀದರ್ ತಂಡಗಳಿಗೆ ಅನುಕೂಲ ಆಗಿದೆ. ಆದರೆ ಗಾಡಿಗಳು ಕಡಿಮೆ, ಸಂಜೆಯದು ತಪ್ಪಿದರೆ ಕಷ್ಟ. ಯಾದಗಿರಿಯವರಿಗೆ ಮುಖ್ಯ ಮಾರ್ಗದ ರೈಲುಗಳಿವೆ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದವರು ಆಳಂದ ರಸ್ತೆಯ ಬಸ್ ಹಿಡಿಯಬೇಕು. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಮತ್ತು ವೇಗದೂತ ಬಸ್ಸು ಉಚಿತ, ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತರಬೇಕು ಅಂತ ಆಮಂತ್ರಣದಲ್ಲೇ ಒಂದು ಸಾಲು ಹಾಕಿ. ಖರ್ಚಿನ ಚಿಂತೆಗೆ ಹಿಂದೇಟು ಹಾಕುವ ಒಂದೆರಡು ತಂಡ ಇದರಿಂದಲೇ ಬರುತ್ತವೆ.

ಹಂತ 3: ಪ್ರಶ್ನೆ ಬರೆಯೋದು

ಇಲ್ಲಿ ಆತುರ ಬೇಡ. ಎರಡು ವಾರ ಮೊದಲೇ ಕೂರಿ.

ಪ್ರಶ್ನೆ ಅಂದರೆ ವಿಷಯದ ಹೆಸರಲ್ಲ. ಒಬ್ಬ ಗಿರಾಕಿ, ಅವರ ಒಂದು ತೊಂದರೆ, ಅವರ ಕೈಲಿರುವ ಸಾಮಗ್ರಿ. ಈ ಮೂರನ್ನೂ ಒಂದು ಫೋಲ್ಡರಿನಲ್ಲಿ ಹಾಕಿ ಎಲ್ಲಾ ತಂಡಕ್ಕೂ ಒಂದೇ ರೀತಿ ಕೊಡಬೇಕು. ಎಲ್ಲರ ಹತ್ತಿರವೂ ಒಂದೇ ಬರಹ, ಒಂದೇ ಫೋಟೊ ಇದ್ದಾಗ ಮಾತ್ರ ವ್ಯತ್ಯಾಸ ಡಿಸೈನಿನಲ್ಲಿ ಕಾಣುತ್ತದೆ. ಇಲ್ಲದಿದ್ದರೆ ಒಳ್ಳೆ ಫೋಟೊ ಹುಡುಕಿದವರು ಗೆಲ್ಲುತ್ತಾರೆ.

ನಮ್ಮ ಕಡೆ ಗಿರಾಕಿಗಳಿಗೆ ಬರವಿಲ್ಲ. 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಇಲ್ಲಿಯ ತೊಗರಿ ಬೇಳೆಯನ್ನು ಮಾರುವ ಸಣ್ಣ ದಾಲ್ ಮಿಲ್ ಆಗಬಹುದು. ಸನ್ನತಿ, ಕನಗನಹಳ್ಳಿಯ ಬೌದ್ಧ ಸ್ತೂಪ ನೋಡಲು ಬರುವವರಿಗೆ ದಾರಿ, ಸಮಯ ಹೇಳುವ ಪುಟ ಆಗಬಹುದು. ಬೀದರ್‌ನಲ್ಲಿ ನಡೆಸುವವರಿಗೆ ಬಿದರಿ ಕೆಲಸದವರು ಸಿಗುತ್ತಾರೆ. ನನ್ನ ಆಯ್ಕೆ ರೊಟ್ಟಿ ಮಾಡುವ ಮಹಿಳಾ ಸಂಘ. ತೀರ್ಪುಗಾರರಿಗೂ ಮಕ್ಕಳಿಗೂ ಅದರ ವ್ಯವಹಾರ ಗೊತ್ತು, ಯಾರಿಗೂ ವಿವರಿಸಬೇಕಾಗಿಲ್ಲ.

ಗಿರಾಕಿಯ ಕೋರಿಕೆಯನ್ನು ಅವರದೇ ಮಾತಿನಲ್ಲಿ ಬರೆಯಿರಿ. ಹೀಗೆ:

"ಮದಿವಿ, ಕಾರ್ಯಕ್ರಮ ಇದ್ರ ಮಂದಿ ಫೋನ್ ಮಾಡ್ತಾರ್ರಿ. ಬರೇ ರೇಟ್ ಕೇಳಿ ಇಟ್ಟ್ ಬಿಡ್ತಾರ. ಎಷ್ಟ್ ಬೇಕು, ಎಂದ ಬೇಕು ಅಂತ ಹೇಳಂಗಿಲ್ಲ. ಕಡಕ್ ರೊಟ್ಟಿ ಬೇಕಂದ್ರ ಎರಡ್ ದಿನ ಮೊದ್ಲು ಹೇಳಬೇಕ್ರಿ. ನೂರರ ಒಳಗ ಒಂದು ರೇಟು, ಐದುನೂರು ದಾಟಿದ್ರ ಬ್ಯಾರೆ ರೇಟು. ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ ಯಾವಾಗ್ಲೂ ಇರ್ತದ. ಸಜ್ಜಿ ರೊಟ್ಟಿ ಚಳಿಗಾಲದಾಗ ಅಷ್ಟೇ. ಇದೆಲ್ಲಾ ಫೋನ್‌ನ್ಯಾಗ ಹೇಳಿ ಹೇಳಿ ಸಾಕಾಗೇದ."

ಇದರಲ್ಲಿ "ಆಕರ್ಷಕ", "ಆಧುನಿಕ" ಅನ್ನುವ ಮಾತೇ ಇಲ್ಲ ನೋಡಿ. ಆದರೂ ಡಿಸೈನ್ ಮಾಡುವವರಿಗೆ ಬೇಕಾದ್ದೆಲ್ಲಾ ಇದೆ. ಎರಡು ದಿನ ಮುಂಚೆ ಅನ್ನುವ ಮಾತು ಫೋನ್ ಸಂಖ್ಯೆಗಿಂತ ಮೊದಲು ಕಣ್ಣಿಗೆ ಬೀಳಬೇಕು. ದರ ಎರಡು ಥರ ಇದೆ, ಅದನ್ನು ಗೊಂದಲ ಇಲ್ಲದೆ ತೋರಿಸಬೇಕು. ಸಜ್ಜಿ ರೊಟ್ಟಿ ವರ್ಷವಿಡೀ ಸಿಗುತ್ತದೆ ಅಂತ ಓದುವವರಿಗೆ ಅನಿಸಬಾರದು. ಬುದ್ಧಿವಂತ ತಂಡ ಇದನ್ನು ಹತ್ತು ನಿಮಿಷ ಓದಿ, ಕಾಗದದ ಮೇಲೆ ಗೀಚಿ, ಆಮೇಲೆ ಕೀಬೋರ್ಡ್ ಮುಟ್ಟುತ್ತದೆ.

ಫೋಲ್ಡರಿನಲ್ಲಿ ಏನಿರಬೇಕು? ಬರಹ, ದರಪಟ್ಟಿ ಪೂರ್ತಿ ಯೂನಿಕೋಡ್ ಕನ್ನಡದಲ್ಲಿರಲಿ, ಅಂದರೆ ಯಾವ ಯಂತ್ರದಲ್ಲೂ ಕನ್ನಡವಾಗಿಯೇ ಕಾಣುವ ಸಂಕೇತದಲ್ಲಿ. ಟೈಪಿಂಗ್ ತಂತ್ರಾಂಶ "ನುಡಿ"ಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಕೊಟ್ಟರೆ ಬ್ರೌಸರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತದೆ, ಸ್ಪರ್ಧೆಯ ಮೊದಲ ಗಂಟೆ ಅದರಲ್ಲೇ ಹೋಗುತ್ತದೆ. ಫೋಟೊಗಳನ್ನು ನೀವೇ ತೆಗೆಯಿರಿ, ಅದರಲ್ಲಿರುವವರ ಒಪ್ಪಿಗೆ ಕೇಳಿ. ಒಂದೆರಡು ಫೋಟೊವನ್ನು ಫೋನಿನಿಂದ ತೆಗೆದ ಹಾಗೇ, ಐದಾರು ಎಂಬಿ ಗಾತ್ರದಲ್ಲೇ ಇಡಿ. ಯಾರು ಸಣ್ಣದು ಮಾಡುತ್ತಾರೆ, ಯಾರು ಹಾಗೇ ಅಂಟಿಸುತ್ತಾರೆ ಗೊತ್ತಾಗಲಿ. ಫೋನ್ ಸಂಖ್ಯೆಗೆ ನಿಮ್ಮ ಕಾಲೇಜು ಕಚೇರಿಯದ್ದನ್ನೇ ಕೊಡಿ. ಮನಸ್ಸಿಗೆ ಬಂದ ಹತ್ತು ಅಂಕಿ ಬರೆದರೆ ಪಾಪ ಯಾರಿಗೋ ದಿನವಿಡೀ ರೊಟ್ಟಿ ಆರ್ಡರ್ ಬರುತ್ತದೆ.

ಗಟ್ಟಿ ತಂಡಗಳಿಗೆ ಇನ್ನೊಂದು ಸವಾಲು ಬೇಕು ಅಂದರೆ ಬರಹದಲ್ಲಿ ಒಂದೆರಡು ಸಾಲು ಉರ್ದು ಸೇರಿಸಿ. ನಮ್ಮೂರಿನ ಅಂಗಡಿ ಬೋರ್ಡುಗಳಲ್ಲಿ ಇರುವುದೇ ತಾನೆ. ಉರ್ದು ಬಲದಿಂದ ಎಡಕ್ಕೆ ಓಡುತ್ತದೆ, ಆ ಸಾಲಿನ ದಿಕ್ಕನ್ನು ಪುಟದ ಎಚ್‌ಟಿಎಂಎಲ್ ಕೋಡಿನಲ್ಲಿ ಹೇಳದಿದ್ದರೆ ಕೊನೆಯ ಉದ್ಗಾರ ಚಿಹ್ನೆ ತಪ್ಪು ತುದಿಗೆ ಹೋಗಿ ಕೂರುತ್ತದೆ.

ಪುಟದ ತೂಕಕ್ಕೆ ಒಂದು ಮಿತಿ ಹಾಕಿ. ಇದು ಹಳೇ ಆಟ. 2000ರಲ್ಲಿ ಸ್ಟುವರ್ಟ್ ಬಟರ್‌ಫೀಲ್ಡ್ ಇಡೀ ಪುಟ 5 ಕಿಲೋಬೈಟ್ ದಾಟಬಾರದು ಅನ್ನುವ ಸ್ಪರ್ಧೆ ಶುರು ಮಾಡಿದ್ದರು. ಮುಂದೆ ಫ್ಲಿಕರ್, ಸ್ಲ್ಯಾಕ್ ಕಟ್ಟಿದವರಲ್ಲಿ ಅವರೂ ಒಬ್ಬರು. 2012ರಿಂದ ಪ್ರತಿ ವರ್ಷ ನಡೆಯುವ ಜೆಎಸ್13ಕೆ ಸ್ಪರ್ಧೆಯಲ್ಲಿ ಜಾವಾಸ್ಕ್ರಿಪ್ಟ್‌ನಲ್ಲಿ ಬರೆದ ಇಡೀ ಗೇಮ್, ಜಿಪ್ ಮಾಡಿದ ಮೇಲೆ, 13 ಕಿಲೋಬೈಟಿನಲ್ಲಿ ಮುಗಿಯಬೇಕು. ಆದರೆ ಆ ಮಿತಿಗಳನ್ನು ಕನ್ನಡಕ್ಕೆ ಹಾಗೇ ತರಬೇಡಿ. ಯೂನಿಕೋಡ್ ಬರಹವನ್ನು ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. "ಕ್ಷ" ಬರೆಯಲು ಕ, ಹಲಂತ ಚಿಹ್ನೆ (್), ಷ ಅಂತ ಮೂರು ಸಂಕೇತ, ಅಂದರೆ ಒಂಬತ್ತು ಬೈಟ್. ಒತ್ತಕ್ಷರಗಳಿಂದಾಗಿ ಫಾಂಟ್ ಕಡತವೂ ದಪ್ಪ. ಫೋಟೊ, ಫಾಂಟ್ ಎಲ್ಲಾ ಸೇರಿ 1 ಎಂಬಿ ಅನ್ನುವುದು ನಮ್ಮ ಸ್ಪರ್ಧೆಗೆ ಸರಿಯಾದ ಮಿತಿ. ಬಿಗಿ ಅನಿಸುತ್ತದೆ, ಆದರೆ ಸಾಧ್ಯ.

ಹಂತ 4: ನಿಯಮ

ನಿಯಮಗಳನ್ನು ಒಂದೇ ಪುಟದಲ್ಲಿ ಬರೆದು ಮುಗಿಸಿ. ತಂಡಗಳು ಬಳಸುವುದು ಎಚ್‌ಟಿಎಂಎಲ್, ಪುಟದ ಅಂದಕ್ಕೆ ಸಿಎಸ್‌ಎಸ್, ಬೇಕಿದ್ದರೆ ಜಾವಾಸ್ಕ್ರಿಪ್ಟ್. ಬೂಟ್‌ಸ್ಟ್ರ್ಯಾಪ್ ತರಹದ ಲೈಬ್ರರಿ (ಸಿದ್ಧ ಕೋಡ್ ತುಣುಕುಗಳ ಸಂಗ್ರಹ) ನಡೆಯುತ್ತದೆ, ಪೂರ್ತಿ ಟೆಂಪ್ಲೇಟ್ ನಡೆಯಲ್ಲ. ಗೂಗಲ್ ಫಾಂಟ್ಸ್‌ನಲ್ಲಿರುವ ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮದಂಥ ಮುಕ್ತ ಫಾಂಟ್‌ಗಳನ್ನು ಮೊದಲೇ ಇಳಿಸಿ ಫೋಲ್ಡರಿಗೆ ಹಾಕಿಡಿ. ಯಾವುದನ್ನು ಆರಿಸುತ್ತಾರೆ ಅನ್ನೋದು ಅವರಿಗೆ ಬಿಟ್ಟದ್ದು.

ಎಐ ಬಗ್ಗೆ ಸ್ಪಷ್ಟವಾಗಿ ಬರೆಯಿರಿ, ಇಲ್ಲವಾದರೆ ಅರ್ಧ ದಿನ ಆ ವಾದಕ್ಕೇ ಹೋಗುತ್ತದೆ. ನಿಷೇಧ ಹಾಕಿದರೆ ಕಾವಲು ಕಾಯಬೇಕು. ನನ್ನ ಮಟ್ಟಿಗೆ, ಬಳಸಲಿ ಬಿಡಿ. ಆದರೆ ತೀರ್ಪುಗಾರರು ಕೋಡಿನ ಯಾವ ಸಾಲು ತೋರಿಸಿದರೂ ತಂಡದವರು ವಿವರಿಸಬೇಕು, ಕೇಳಿದ ಬದಲಾವಣೆಯನ್ನು ಎದುರಿಗೇ ಮಾಡಿ ತೋರಿಸಬೇಕು. ಅಂಟಿಸಿದವರು ಅಲ್ಲಿ ಸಿಕ್ಕಿಬೀಳುತ್ತಾರೆ.

ತಂಡಗಳಿಗೆ ಸಂಖ್ಯೆ ಕೊಡಿ. ಪುಟದಲ್ಲಾಗಲಿ, ಫೋಲ್ಡರಿನ ಹೆಸರಲ್ಲಾಗಲಿ ಕಾಲೇಜಿನ ಹೆಸರು ಇರಬಾರದು. ಆತಿಥೇಯ ಕಾಲೇಜೇ ಗೆದ್ದರೂ ಆಗ ಯಾರೂ ಬೆರಳು ತೋರಿಸಲ್ಲ.

ಹಂತ 5: ಲ್ಯಾಬ್

ಹಿಂದಿನ ದಿನ ಪೂರ್ತಿ ಒಂದು ತಾಲೀಮು ಮಾಡಿ. ಪ್ರತಿ ಯಂತ್ರದಲ್ಲಿ ಹೊಸ ಕ್ರೋಮ್, ಕೋಡ್ ಬರೆಯುವ ವಿಎಸ್ ಕೋಡ್, ಕನ್ನಡ ಕೀಬೋರ್ಡ್ ಇದೆಯಾ ನೋಡಿ. ಆಟೋ ಸೇವ್ ಹಚ್ಚಿಡಿ.

ಇನ್ನೊಂದು ಮುಖ್ಯ ವಿಷಯ. ಬಹಳ ಲ್ಯಾಬುಗಳಲ್ಲಿ ಡೀಪ್ ಫ್ರೀಜ್ ಥರದ ತಂತ್ರಾಂಶ ಹಾಕಿರುತ್ತಾರೆ. ಯಂತ್ರ ರೀಸ್ಟಾರ್ಟ್ ಆದ ಕೂಡಲೇ ಎಲ್ಲವೂ ಹಳೇ ಸ್ಥಿತಿಗೆ ಬರುತ್ತದೆ. ವೈರಸ್ ಕಾಟಕ್ಕೆ ಒಳ್ಳೇ ಮದ್ದು. ಆದರೆ ಸ್ಪರ್ಧೆ ನಡುವೆ ಅರೆಗಳಿಗೆ ಕರೆಂಟ್ ಹೋಗಿ ಬಂದರೆ ಮೂರು ತಾಸಿನ ಕೆಲಸ ಮಂಗಮಾಯ. ಲ್ಯಾಬ್ ಸಹಾಯಕರನ್ನು ಕೇಳಿ ಆ ದಿನ ಅದನ್ನು ತೆಗೆಸಿ, ಅಥವಾ ಫ್ರೀಜ್ ಆಗದ ಡ್ರೈವ್‌ನಲ್ಲೇ ಕೆಲಸ ಮಾಡಿಸಿ. ತಾಸಿಗೊಮ್ಮೆ ಸ್ವಯಂಸೇವಕರು ಪೆನ್‌ಡ್ರೈವಿಗೆ ನಕಲು ತೆಗೆಯಲಿ. ಯುಪಿಎಸ್ ಎಷ್ಟು ನಿಮಿಷ ಎಳೆಯುತ್ತದೆ ಅಂತ ಮೇನ್ ಸ್ವಿಚ್ ಆರಿಸಿಯೇ ನೋಡಿ. ಜೆಸ್ಕಾಂ ದುರಸ್ತಿ ಕೆಲಸಕ್ಕೆ ವಿದ್ಯುತ್ ನಿಲ್ಲಿಸುವ ಪ್ರಕಟಣೆ ಪತ್ರಿಕೆಗಳಲ್ಲಿ ಬರುತ್ತದೆ, ಆ ವಾರ ಅದರ ಮೇಲೆ ಒಂದು ಕಣ್ಣಿರಲಿ.

ಹಂತ 6: ಅಂಕಪಟ್ಟಿ

ವೃತ್ತಿ ಕೌಶಲದ ಅಂತರರಾಷ್ಟ್ರೀಯ ಸ್ಪರ್ಧೆ ವರ್ಲ್ಡ್‌ಸ್ಕಿಲ್ಸ್‌ನಲ್ಲಿ ವೆಬ್ ಕೂಡ ಒಂದು ವಿಭಾಗ. ಅಲ್ಲಿ ಅಂಕಗಳನ್ನು ಎರಡು ಗುಂಪು ಮಾಡುತ್ತಾರೆ. ಅಳೆದು ಹೇಳಬಹುದಾದದ್ದು ಒಂದು, ನೋಡಿ ತೀರ್ಮಾನಿಸಬೇಕಾದದ್ದು ಇನ್ನೊಂದು. ಈ ಪದ್ಧತಿಯನ್ನು ನಾವೂ ಧಾರಾಳವಾಗಿ ಎತ್ತಿಕೊಳ್ಳಬಹುದು.

100ರಲ್ಲಿ 60 ಅಂಕ ಅಳತೆಗೆ ಇಡಿ. ಹನ್ನೆರಡು ಪರೀಕ್ಷೆ, ತಲಾ ಐದು ಅಂಕ. ಹೌದು ಅಥವಾ ಇಲ್ಲ, ನಡುವೆ ಏನೂ ಇಲ್ಲ:

1. 360 ಪಿಕ್ಸೆಲ್ ಅಗಲದ ಪರದೆಯಲ್ಲಿ ಪುಟ ಅಡ್ಡ ಜಾರುವುದಿಲ್ಲ.
2. ಫೋನ್ ಸಂಖ್ಯೆ ಒತ್ತಿದರೆ ಕರೆಗೆ ಹೋಗುತ್ತದೆ.
3. ಏನು ಸಿಗುತ್ತದೆ, ಎಲ್ಲಿ ಸಿಗುತ್ತದೆ ಎಂಬುದು ಮೊದಲ ಪರದೆಯಲ್ಲೇ ಇದೆ.
4. ಎಲ್ಲಾ ದರಗಳೂ ಕೊಟ್ಟ ಪಟ್ಟಿಗೆ ಸರಿಹೊಂದುತ್ತವೆ.
5. ಎರಡು ದಿನ ಮುಂಚೆ ಹೇಳಬೇಕು ಎಂಬ ಮಾತು ಫೋನ್ ಸಂಖ್ಯೆಗಿಂತ ಮೇಲಿದೆ.
6. ಒಟ್ಟು ತೂಕ 1 ಎಂಬಿ ಒಳಗಿದೆ.
7. ಪುಟದ ಭಾಷೆ ಕನ್ನಡ ಎಂದು ಕೋಡಿನಲ್ಲಿ ಹೇಳಿದೆ.
8. ಪ್ರತಿ ಫೋಟೊಗೂ ಅರ್ಥವಿರುವ ಬದಲಿ ಬರಹ (ಆಲ್ಟ್ ಟೆಕ್ಸ್ಟ್, ಚಿತ್ರ ಕಾಣದವರಿಗೆ ಅದರ ವಿವರ) ಇದೆ.
9. ಬರಹ ಮತ್ತು ಹಿನ್ನೆಲೆ ಬಣ್ಣದ ವ್ಯತ್ಯಾಸ ಕನಿಷ್ಠ 4.5ಕ್ಕೆ 1 ಇದೆ.
10. ಮೌಸ್ ಇಲ್ಲದೆ ಟ್ಯಾಬ್ ಕೀಲಿಯಿಂದಲೇ ಎಲ್ಲಾ ಕೊಂಡಿಗಳನ್ನು ತಲುಪಬಹುದು.
11. ಕೋಡಿನ ತಪ್ಪು ಹುಡುಕುವ ಡಬ್ಲ್ಯು3ಸಿ ವ್ಯಾಲಿಡೇಟರ್‌ನಲ್ಲಿ ದೋಷ ಬರುವುದಿಲ್ಲ.
12. ಕೊನೆಗೆ ಕೊಟ್ಟ ಬದಲಾವಣೆ (ಹಂತ 7 ನೋಡಿ) ಸರಿಯಾಗಿ ಆಗಿದೆ.

ಒಂಬತ್ತನೆಯದು ವೆಬ್ ಸುಗಮ್ಯತೆಯ ಮಾರ್ಗಸೂಚಿ ಡಬ್ಲ್ಯುಸಿಎಜಿಯಲ್ಲಿ ಸಾಮಾನ್ಯ ಗಾತ್ರದ ಬರಹಕ್ಕೆ ಇರುವ ಅಳತೆ. ಕ್ರೋಮ್‌ನಲ್ಲಿ ಪುಟ ತಪಾಸಣೆಗೆ ಇರುವ ಡೆವ್‌ಟೂಲ್ಸ್‌ನಲ್ಲೇ ನೋಡಬಹುದು. ಇದಕ್ಕೆ ಇನ್ನೂ ಸರಳ ಪರೀಕ್ಷೆ ಇದೆ. ಫೋನ್ ಹಿಡಿದು ಲ್ಯಾಬಿನ ಹೊರಗೆ ವರಾಂಡಕ್ಕೆ ಬನ್ನಿ. ಮಧ್ಯಾಹ್ನ ಎರಡರ ಬಿಸಿಲು, ಬ್ರೈಟ್‌ನೆಸ್ ಅರ್ಧಕ್ಕೆ. ಒಳಗೆ ನಾಜೂಕಾಗಿ ಕಾಣುತ್ತಿದ್ದ ತಿಳಿ ಬೂದು ಅಕ್ಷರ ಹೊರಗೆ ಮಾಯ. ದರಪಟ್ಟಿ ಖಾಲಿ ಡಬ್ಬಿಗಳ ಸಾಲಿನಂತೆ ಕಾಣುತ್ತದೆ. "ಲ್ಯಾಪ್‌ಟಾಪ್‌ನ್ಯಾಗ ಭಾಳ ಛಂದ ಕಾಣ್ತಿತ್ರಿ ಸರ್" ಅಂತ ತಂಡದವರು ಅಂದೇ ಅಂತಾರೆ. ಇರಬಹುದು. ರೊಟ್ಟಿ ಆರ್ಡರ್ ಮಾಡುವವರು ಲ್ಯಾಪ್‌ಟಾಪ್ ತೆರೆಯುವುದಿಲ್ಲವಲ್ಲ.

ಅದಕ್ಕೇ ತಪಾಸಣೆಗೆ ದುಬಾರಿ ಫೋನ್ ಬೇಡ. ಎರಡು ಮೂರು ವರ್ಷ ಹಳೇ, ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನ್ ತನ್ನಿ. ಲ್ಯಾಬ್ ಯಂತ್ರ ಮತ್ತು ಫೋನ್ ಒಂದೇ ವೈಫೈನಲ್ಲಿದ್ದರೆ, ವಿಎಸ್ ಕೋಡ್‌ನ ಲೈವ್ ಸರ್ವರ್ ಎಕ್ಸ್‌ಟೆನ್ಶನ್ ಹಚ್ಚಿ, ಆ ಯಂತ್ರದ ಐಪಿ ವಿಳಾಸ ಮತ್ತು ಪೋರ್ಟ್ ಸಂಖ್ಯೆಯನ್ನು (ಸಾಮಾನ್ಯವಾಗಿ 5500) ಫೋನಿನ ಬ್ರೌಸರಿನಲ್ಲಿ ಹಾಕಿದರೆ ಪುಟ ತೆರೆಯುತ್ತದೆ. ಕೆಲವು ಕಾಲೇಜು ವೈಫೈಗಳಲ್ಲಿ ಇದಕ್ಕೆ ಬಿಡುವುದಿಲ್ಲ. ಆಗ ಒಂದು ಸಾದಾ ರೂಟರ್ ತಂದು ಬೇರೆ ಜಾಲ ಮಾಡಿಕೊಳ್ಳಿ.

ಕ್ರೋಮ್‌ನಲ್ಲೇ ಇರುವ, ಪುಟಕ್ಕೆ ತಾನೇ ಅಂಕ ಕೊಡುವ ಲೈಟ್‌ಹೌಸ್‌ನ ಅಂಕವನ್ನೇ ಫಲಿತಾಂಶ ಮಾಡುವ ಆಸೆ ಬರುತ್ತದೆ. ಬೇಡ. ವೇಗದ ಅಂಕ ಒಂದೊಂದು ಸಲ ಒಂದೊಂದು ಬರುತ್ತದೆ. ಬದಲಿ ಬರಹ ಇದೆಯಾ ಅಂತ ಮಾತ್ರ ಅದು ನೋಡುತ್ತದೆ. ರೊಟ್ಟಿಯ ಫೋಟೊಗೆ "ಇಮೇಜ್ ಒನ್" ಅಂತ ಬರೆದಿದ್ದರೂ ಅದಕ್ಕೆ ಖುಷಿ.

ಉಳಿದ 40 ಅಂಕ ತೀರ್ಪಿಗೆ. ನಾಲ್ಕು ಅಂಶ, ತಲಾ ಹತ್ತು: ಕನ್ನಡ ಓದಲು ಹಿತವಾಗಿದೆಯಾ, ಮಾಹಿತಿಯ ಕ್ರಮ ಗಿರಾಕಿಗೆ ಹೊಂದುತ್ತದಾ, ಬಣ್ಣ ಮತ್ತು ಫೋಟೊ ಆ ಕೆಲಸಕ್ಕೆ ಒಪ್ಪುತ್ತವಾ, ತಮ್ಮ ಕೋಡನ್ನು ವಿವರಿಸಬಲ್ಲರಾ.

ಮೊದಲನೆಯದಕ್ಕೆ ತೀರ್ಪುಗಾರರು ಸ್ವಲ್ಪ ಹತ್ತಿರದಿಂದ ನೋಡಬೇಕು. ಇಂಗ್ಲಿಷಿಗೆ ಇಟ್ಟ ಸಾಲಿನ ಎತ್ತರವನ್ನೇ ಕನ್ನಡಕ್ಕೂ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. "ಅಗತ್ಯಕ್ಕೆ ತಕ್ಕಷ್ಟು" ಅನ್ನುವ ಸಾಲಿನ ಕೆಳಗೆ "ಹಿಂಡಿ" ಬಂದರೆ ಎರಡೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಕ್ಷರ ಗಾತ್ರದ 1.6 ಪಟ್ಟು ಸಾಲಿನ ಎತ್ತರ ಕೊಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಶೀರ್ಷಿಕೆಗೆ ಇಂಗ್ಲಿಷಿನ ಹಾಗೆ ಅಕ್ಷರಗಳ ನಡುವೆ ಜಾಗ ಹಿಗ್ಗಿಸುವುದೂ ಕನ್ನಡಕ್ಕೆ ಒಗ್ಗಲ್ಲ.

ಪ್ರತಿ ಅಂಶಕ್ಕೂ ತೀರ್ಪುಗಾರರು 0ಯಿಂದ 3ರವರೆಗೆ ಒಂದು ಅಂಕಿ ಕೊಡಲಿ. ವರ್ಲ್ಡ್‌ಸ್ಕಿಲ್ಸ್‌ನಲ್ಲಿ ಮೂವರು ಒಟ್ಟಿಗೇ ಕಾರ್ಡ್ ಎತ್ತುತ್ತಾರೆ. ಒಬ್ಬರದ್ದು ನೋಡಿ ಇನ್ನೊಬ್ಬರು ಬದಲಿಸಲು ಆಗಲ್ಲ. ಅಂಕಿಗಳ ನಡುವೆ ಒಂದಕ್ಕಿಂತ ಹೆಚ್ಚು ಅಂತರ ಬಂದರೆ ಕಾರಣ ಮಾತಾಡಿ ಮತ್ತೆ ಎತ್ತಬೇಕು. ನೀವೂ ಹಾಗೇ ಮಾಡಿ. 3ಕ್ಕೆ ಹತ್ತು, 2ಕ್ಕೆ ಏಳು, 1ಕ್ಕೆ ನಾಲ್ಕು, 0ಗೆ ಸೊನ್ನೆ ಅಂತ ಬದಲಿಸಿ ಸರಾಸರಿ ತೆಗೆಯಿರಿ.

ಮೂವರು ಯಾರಿರಬೇಕು? ವೆಬ್ ಕೆಲಸವನ್ನೇ ಮಾಡುವ ಒಬ್ಬರು, ಸ್ಪರ್ಧೆಯಲ್ಲಿ ಇಲ್ಲದ ಕಾಲೇಜಿನ ಅಧ್ಯಾಪಕರು ಒಬ್ಬರು. ಮೂರನೆಯವರು ಕಂಪ್ಯೂಟರ್ ಓದಿರಲೇಬಾರದು. ಖಾನಾವಳಿ ನಡೆಸುವ ಅಕ್ಕನೋ, ಕಿರಾಣಿ ಅಂಗಡಿಯ ಕಾಕಾನೋ ಆಗಲಿ. "ತಮ್ಮಾ, ನಂಬರ್ ಎಲ್ಲದ?" ಅಂತ ಅವರು ಕೇಳಿದರೆ ಆ ಪುಟದ ಬಗ್ಗೆ ತಿಳಿಯಬೇಕಾದ್ದು ತಿಳಿಯಿತು. ಅವರಿಗೆ ಕೋಡಿನ ಅಂಶ ಬಿಟ್ಟು ಉಳಿದ ಮೂರಕ್ಕೆ ಮಾತ್ರ ಕಾರ್ಡ್ ಕೊಡಿ.

ಈ ಅಂಕಪಟ್ಟಿಯನ್ನು ಪ್ರಶ್ನೆಯ ಜೊತೆಗೇ ಎಲ್ಲಾ ತಂಡಕ್ಕೂ ಹಂಚಿ. ಗುಟ್ಟು ಮಾಡುವಂಥದ್ದು ಏನಿಲ್ಲ.

ಹಂತ 7: ಆ ದಿನ

ಒಂಬತ್ತೂವರೆಗೆ ನೋಂದಣಿ, ಹತ್ತಕ್ಕೆ ಫೋಲ್ಡರ್ ಕೊಡಿ. ಮೊದಲ ಅರ್ಧ ಗಂಟೆ ಪ್ರಶ್ನೆ ಕೇಳಲು ಬಿಡಿ, ಒಬ್ಬರಿಗೆ ಕೊಟ್ಟ ಉತ್ತರವನ್ನು ಬೋರ್ಡ್ ಮೇಲೆ ಎಲ್ಲರಿಗೂ ಬರೆಯಿರಿ. ಊಟವನ್ನು ಒಂದಕ್ಕೇ ಮುಗಿಸಿ, ಆ ಅರ್ಧ ಗಂಟೆ ಗಡಿಯಾರ ನಿಲ್ಲಿಸಿ. ಎರಡೂವರೆಗೆ ಸರಿಯಾಗಿ ಕೆಲಸ ಮುಗಿಯಬೇಕು.

ಒಂದೂ ಮುಕ್ಕಾಲಿಗೆ, ಅಂದರೆ ಮುಕ್ಕಾಲು ಗಂಟೆ ಉಳಿದಾಗ, ಗಿರಾಕಿಯ ಎರಡನೇ ಚೀಟಿ ಬರಲಿ: "ಎಳ್ಳಮಾಸಿ ವಾರ ಹೊಸಾ ಆರ್ಡರ್ ಹಿಡಿಯಂಗಿಲ್ಲ ಅಂತ ಮ್ಯಾಲೆ ಕಾಣೂಹಂಗ ಹಾಕ್ರಿ. ಶೇಂಗಾ ಹಿಂಡಿ ರೇಟ್ ಬದಲಾಗೇದ." ದರವನ್ನು ಒಂದೇ ಕಡೆ ಅಚ್ಚುಕಟ್ಟಾಗಿ ಇಟ್ಟವರಿಗೆ ಇದು ಐದು ನಿಮಿಷದ ಕೆಲಸ. ದರಪಟ್ಟಿಯನ್ನೇ ಚಿತ್ರ ಮಾಡಿ ಅಂಟಿಸಿದವರು ತಲೆ ಕೆರೆದುಕೊಳ್ಳುತ್ತಾರೆ. ಲ್ಯಾಬಿನಲ್ಲಿ ಒಂದು ಸಣ್ಣ "ಅಯ್ಯೋ" ಕೇಳುತ್ತದೆ, ಮಜಾ ಇರುತ್ತದೆ.

ಎರಡೂವರೆಯಿಂದ ತಪಾಸಣೆ. ಅಳತೆಯ ಹನ್ನೆರಡು ಪರೀಕ್ಷೆಗಳನ್ನು ತರಬೇತಿ ಕೊಟ್ಟ ಹಿರಿಯ ವಿದ್ಯಾರ್ಥಿಗಳೇ ಎರಡು ಗುಂಪಾಗಿ ಮಾಡಬಹುದು. ಅದೇ ಹೊತ್ತಿಗೆ ತೀರ್ಪುಗಾರರು ಒಂದೊಂದೇ ತಂಡದ ಬಳಿ ಹೋಗಲಿ.

ಹಂತ 8: ಫಲಿತಾಂಶ, ಆಮೇಲೆ

ಮೊದಲ ಮೂರು ಸ್ಥಾನ ಹೇಳಿ ಚಪ್ಪಾಳೆ ಹೊಡೆದರೆ ಉಳಿದ ಹದಿನೇಳು ತಂಡಕ್ಕೆ ಏನೂ ಸಿಗಲ್ಲ. ಪ್ರತಿ ತಂಡಕ್ಕೂ ಅವರ ಅಂಕಪಟ್ಟಿಯ ನಕಲು ಕೊಡಿ. ಹನ್ನೆರಡರಲ್ಲಿ ಎಲ್ಲಿ ಹೋಯಿತು ಅಂತ ನೋಡಿ ರೈಲಿನಲ್ಲೇ ಸರಿ ಮಾಡಿಕೊಳ್ಳುವವರು ಇರುತ್ತಾರೆ. ಆಕ್ಷೇಪಣೆಗೆ ಹದಿನೈದು ನಿಮಿಷ ಇಡಿ, ಅದೂ ಅಳತೆಯ ಅಂಕಗಳಿಗೆ ಮಾತ್ರ.

ಬಹುಮಾನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟ್ರೋಫಿ ಖರ್ಚು ಇಳಿಸಿ, ಆ ದುಡ್ಡಲ್ಲಿ ಹೊರಗಿನ ತಂಡಗಳ ಪ್ರಯಾಣ ವೆಚ್ಚ ಕೊಟ್ಟರೆ ಮುಂದಿನ ವರ್ಷ ಮತ್ತೆ ಬರುತ್ತಾರೆ.

ಗೆದ್ದ ಪುಟಗಳನ್ನು ಗಿಟ್‌ಹಬ್ ಪೇಜಸ್‌ನಲ್ಲಿ ಉಚಿತವಾಗಿ ಇಡಬಹುದು, ಖಾತೆ ಮಾತ್ರ ವಿದ್ಯಾರ್ಥಿಗಳ ಹೆಸರಲ್ಲೇ ಇರಲಿ. ಮಾಡಿದ ಕೆಲಸದ ಹಕ್ಕು ಅವರದ್ದು ಅಂತ ನಿಯಮದಲ್ಲೇ ಬರೆದಿರಬೇಕು. ನಿಜವಾದ ರೊಟ್ಟಿ ಸಂಘವೊಂದು "ನಮಗೂ ಇಂಥದ್ದು ಬೇಕು" ಅಂತ ಕೇಳಿದರೆ ಸ್ಪರ್ಧೆಯ ನೆಪದಲ್ಲಿ ಪುಕ್ಕಟೆ ಕೊಡಿಸಬೇಡಿ. ತಂಡವನ್ನೂ ಸಂಘದವರನ್ನೂ ಎದುರು ಕೂರಿಸಿ, ದರ ಅವರವರೇ ಮಾತಾಡಿಕೊಳ್ಳಲಿ. ಪುಟ ಜನರಿಗೆ ಹೋಗುವ ಮೊದಲು ಕಾಲೇಜು ಕಚೇರಿಯ ಫೋನ್ ಸಂಖ್ಯೆಯನ್ನು ತೆಗೆಸುವುದು ಮಾತ್ರ ಮರೆಯಬೇಡಿ.